ಮನೆಯ ಮದ್ದಿನ ಕಪಾಟು: ಟಿಂಚರ್ ಮಾಡುವುದು, ಗುರುತಿಟ್ಟು ಕಾಪಾಡುವುದು

ಬೇರುನಾರು:
ಎಲ್ಲರಿಗೂ ನಮಸ್ಕಾರ. ಯಾವ ಗಿಡ ಯಾವ ತೊಂದರೆಗೆ ಒಳ್ಳೆಯದು ಅನ್ನುವ ಮಾತು ಎಲ್ಲೆಲ್ಲೂ ನಡೆಯುತ್ತದೆ. ಮಾಡಿಟ್ಟ ಟಿಂಚರನ್ನು, ಅಂದರೆ ಗಿಡವನ್ನು ಆಲ್ಕೋಹಾಲಿನಲ್ಲಿ ನೆನೆಸಿ ಸೋಸಿ ತೆಗೆದ ಮದ್ದನ್ನು, ಮುಂದೆ ಹೇಗೆ ಕಾಪಾಡಬೇಕು ಅನ್ನುವುದನ್ನು ಮಾತ್ರ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಅದನ್ನೇ ಇಲ್ಲಿ ಎತ್ತುತ್ತಿದ್ದೇನೆ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಟಿಂಚರ್ ಕೆಲಸದಲ್ಲಿ ಅರ್ಧ ನೆನೆಹಾಕುವುದು, ಇನ್ನರ್ಧ ಬರೆದಿಡುವುದು. ಎರಡು ವರ್ಷದ ಮೇಲೆ ಒಂದು ಶೀಶೆ ಕೈಗೆತ್ತಿಕೊಂಡರೆ ಒಳಗಿರುವುದು ಯಾವ ಗಿಡ, ಗಿಡದ ಯಾವ ಭಾಗ, ಎಷ್ಟು ಗಾಢ ಅಂತ ಆ ಶೀಶೆ ನೋಡಿಯೇ ಗೊತ್ತಾಗಬೇಕು. ಗೊತ್ತಾಗದಿದ್ದರೆ ಚೆಲ್ಲಬೇಕು. ಎಲೆಯ ಟಿಂಚರ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಕಂದು-ಹಸಿರು ಬಣ್ಣ. ಮೂಸಿದರೆ ಮೊದಲು ಮೂಗಿಗೆ ಬರುವುದು ಆಲ್ಕೋಹಾಲ್. ನಾಲಿಗೆಗೆ ಹಚ್ಚಿ ಪತ್ತೆ ಮಾಡಲು ಹೋಗುವುದು ಅಪಾಯ.

ನಾನು ಚೀಟಿಯಲ್ಲಿ ಬರೆಯುವುದು ಹೀಗೆ: "ಶುಂಠಿ. ಜಿಂಜಿಬರ್ ಅಫಿಸಿನೇಲ್. ಗಡ್ಡೆ, ಒಣ. 1:5, ಶೇ. 60." 1:5 ಅನ್ನುವುದು ಗಿಡಕ್ಕೂ ದ್ರವಕ್ಕೂ ಇರುವ ಅನುಪಾತ, ಶೇ. 60 ಅನ್ನುವುದು ದ್ರವದಲ್ಲಿರುವ ಆಲ್ಕೋಹಾಲ್. ಕೆಳಗೆ ನೆನೆಹಾಕಿದ ದಿನ, ಸೋಸಿದ ದಿನ. ಇದರಲ್ಲಿ ಒಂದು ಬಿಟ್ಟರೂ ಮುಂದೆ ತೊಡಕು. "ಒಣ" ಅನ್ನುವ ಒಂದು ಪದವೂ ಮುಖ್ಯ. ಶುಂಠಿ ಒಣಗಿದಾಗ ಅದರಲ್ಲಿರುವ ಜಿಂಜರಾಲ್ ಅನ್ನುವ ಖಾರದ ಅಂಶ ಸ್ವಲ್ಪ ಭಾಗ ಶೋಗಾಲ್ ಅನ್ನುವ ಇನ್ನೊಂದು ಅಂಶವಾಗಿ ಬದಲಾಗುತ್ತದೆ. ಖಾರ ಜಾಸ್ತಿ ಆಗುತ್ತದೆ. ಹಸಿ ಶುಂಠಿಯ ಟಿಂಚರೇ ಬೇರೆ, ಒಣ ಶುಂಠಿಯದೇ ಬೇರೆ.

ನೀವೆಲ್ಲ ತೂಗಿ ಮಾಡುತ್ತೀರಾ, ಕಣ್ಣಳತೆಯಾ? ಕಪಾಟು ಯಾವ ಕ್ರಮದಲ್ಲಿ ಜೋಡಿಸುತ್ತೀರಿ? ಯಾವಾಗ ಚೆಲ್ಲುತ್ತೀರಿ? ಬರೆಯಿರಿ.

ಎಲೆಮರೆ:
ನನ್ನದು ಕಣ್ಣಳತೆ. ಒಣಗಿದ್ದಾದರೆ ಜಾಡಿಯ ಅರ್ಧ, ಹಸಿಯಾದರೆ ಮುಕ್ಕಾಲಿಗಿಂತ ಜಾಸ್ತಿ ತುಂಬಿ, ಮೇಲೆ ಎರಡು ಬೆರಳು ನಿಲ್ಲುವಷ್ಟು ಆಲ್ಕೋಹಾಲ್ ಹಾಕುತ್ತೇನೆ. ದಿನಾ ಒಮ್ಮೆ ಅಲ್ಲಾಡಿಸಿ, ನಾಲ್ಕು ವಾರ ಬಿಟ್ಟು ಸೋಸುತ್ತೇನೆ. ಹಿಂದಿನವರು ತಕ್ಕಡಿ ಇಟ್ಟುಕೊಂಡು ಮಾಡಿದ್ದಲ್ಲ. ಮನೆ ಮಟ್ಟಿಗೆ ಇಷ್ಟು ಸಾಕು ಅಲ್ವಾ? ಕೆಲಸ ಕಷ್ಟ ಅನ್ನಿಸಿದರೆ ಜನ ಶುರುವೇ ಮಾಡುವುದಿಲ್ಲ.

ತೂಕದಕಲ್ಲು:
@ಎಲೆಮರೆ ಅವರೇ, ಶುರು ಮಾಡಲು ನಿಮ್ಮ ದಾರಿ ಸುಲಭ, ಒಪ್ಪುತ್ತೇನೆ. ಆದರೆ ಒಂದು ಲೆಕ್ಕ ನೋಡಿ.

ಒಣ ಹೂವು ಹಗುರ. ಅರ್ಧ ಜಾಡಿ ತುಂಬಿದರೂ ತೂಕ ಸ್ವಲ್ಪವೇ. ಬೇರಿನ ಚೂರು ಅದೇ ಅರ್ಧ ಜಾಡಿ ತುಂಬಿದರೆ ಎಷ್ಟೋ ಪಟ್ಟು ಭಾರ. ಎರಡಕ್ಕೂ ಅಷ್ಟೇ ದ್ರವ ಹಾಕಿದರೆ ಹೂವಿನದು 1:10ರ ಹತ್ತಿರ, ಬೇರಿನದು 1:3ರ ಹತ್ತಿರ ಬಂದುಬಿಡಬಹುದು. ಎರಡರಿಂದಲೂ 2 ಮಿ.ಲೀ. ತೆಗೆದುಕೊಂಡರೆ ಒಂದರಲ್ಲಿ 0.2 ಗ್ರಾಂ ಗಿಡದ ಸಾರ, ಇನ್ನೊಂದರಲ್ಲಿ 0.67 ಗ್ರಾಂ. ಮೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಹೀಗಿದ್ದರೆ "ಇಷ್ಟು ಹನಿ" ಅನ್ನುವ ಮಾತಿಗೆ ಅರ್ಥವೇ ಇರುವುದಿಲ್ಲ.

1:5 ಅಂದರೆ 1 ಗ್ರಾಂ ಗಿಡಕ್ಕೆ 5 ಮಿ.ಲೀ. ದ್ರವ. 100 ಗ್ರಾಂ ಒಣ ಬೇರಿಗೆ 500 ಮಿ.ಲೀ. ಅಷ್ಟೇ. ಇದಕ್ಕೆ ಬೇಕಾಗಿರುವುದು ಒಂದು ಸಣ್ಣ ಡಿಜಿಟಲ್ ತಕ್ಕಡಿ, ಒಂದು ಅಳತೆ ಲೋಟ. ದ್ರವವನ್ನು ಮಾತ್ರ ತಕ್ಕಡಿಯಲ್ಲಿ ಅಳೆಯಬೇಡಿ. ನೀರಿನ ಹಾಗೆ 1 ಮಿ.ಲೀ. ಅಂದರೆ 1 ಗ್ರಾಂ ಅನ್ನುವುದು ಆಲ್ಕೋಹಾಲಿಗೆ ನಡೆಯುವುದಿಲ್ಲ. ಶೇ. 95ರ ಆಲ್ಕೋಹಾಲ್ 100 ಮಿ.ಲೀ. ತೂಗಿದರೆ ಸುಮಾರು 81 ಗ್ರಾಂ ಬರುತ್ತದೆ.

ಎಲೆಮರೆ:
ಹೂವಿಗೆ 1:5 ಹಾಕಿದರೆ ಅದು ಮುಳುಗುವುದೇ ಇಲ್ಲವಲ್ಲ? ಮೇಲೆ ಒಣಗಿ ನಿಂತ ಭಾಗ ಕಪ್ಪಾಗುತ್ತದೆ. ಬೂಷ್ಟೂ ಬರಬಹುದು.

ತೂಕದಕಲ್ಲು:
ಸರಿಯಾದ ಪ್ರಶ್ನೆ. ಒರಟಾಗಿ ಪುಡಿ ಮಾಡಿ, ಸೌಟಿನಿಂದ ಒತ್ತಿ ಹಾಕಿ. ಆಗಲೂ ಮುಳುಗದಿದ್ದರೆ ದ್ರವ ಜಾಸ್ತಿ ಮಾಡಿ. 1:8 ಆಗಲಿ, 1:10 ಆಗಲಿ, ತಪ್ಪೇನಿಲ್ಲ. ಎಷ್ಟು ಹಾಕಿದಿರೋ ಅಷ್ಟನ್ನೇ ಚೀಟಿಯಲ್ಲಿ ಬರೆಯಿರಿ. ನನಗೆ 1:5 ಅನ್ನುವ ಅಂಕಿಯ ಮೇಲೆ ಹಟ ಇಲ್ಲ. ಅಂಕಿ ಗೊತ್ತಿರಬೇಕು ಅನ್ನುವುದೇ ಹಟ.

ಹಾಕಿದ ಮರುದಿನ ಜಾಡಿ ನೋಡುವುದನ್ನು ಮರೆಯಬೇಡಿ. ಒಣ ಗಿಡ ರಾತ್ರಿಯಿಡೀ ದ್ರವ ಹೀರಿ ಉಬ್ಬಿರುತ್ತದೆ. ಮತ್ತೆ ಸ್ವಲ್ಪ ಹಾಕಬೇಕಾಗುತ್ತದೆ. ಅದನ್ನೂ ಲೆಕ್ಕಕ್ಕೆ ಸೇರಿಸಿ.

ಹೊಸಚಿಗುರು:
ನಾನು ಈಗಷ್ಟೇ ಶುರು ಮಾಡಬೇಕು ಅಂತಿದ್ದೇನೆ. ಎರಡು ಅನುಮಾನ. ಒಂದು, ಯಾವ ಗಿಡಕ್ಕೆ ಎಷ್ಟು ಶೇಕಡಾ ಆಲ್ಕೋಹಾಲ್ ಅಂತ ಹೇಗೆ ತಿಳಿಯುವುದು? ಎರಡು, ಗಾಯ ಒರೆಸಲು ಇಟ್ಟುಕೊಳ್ಳುವ ಸ್ಪಿರಿಟ್ ಸುಲಭವಾಗಿ ಸಿಗುತ್ತದೆ. ಅದರಲ್ಲಿ ಮಾಡಬಹುದಾ?

ರಾತ್ರಿಪಾಳಿ:
ನಾನು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಎರಡನೆಯದಕ್ಕೆ ಮೊದಲು ಉತ್ತರ: ಖಂಡಿತ ಬೇಡ.

ಗಾಯ ಒರೆಸುವ ಸ್ಪಿರಿಟ್‌ನಲ್ಲಿ ಹೆಚ್ಚಾಗಿ ಇರುವುದು ಐಸೊಪ್ರೊಪೈಲ್ ಆಲ್ಕೋಹಾಲ್. ಅದು ಕುಡಿಯುವ ವಸ್ತುವೇ ಅಲ್ಲ. ಡಿನೇಚರ್ಡ್ ಸ್ಪಿರಿಟ್ ಅಂತ ಸಿಗುವುದರಲ್ಲಿ ಯಾರೂ ಕುಡಿಯಬಾರದು ಅಂತಲೇ ಬೇರೆ ವಸ್ತು ಬೆರೆಸಿರುತ್ತಾರೆ. ಅದರಲ್ಲಿ ಮೆಥನಾಲ್ ಇರಬಹುದು. ಮೆಥನಾಲ್ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಬದಲಾಗಿ ಕಣ್ಣಿನ ನರ ಸುಡುತ್ತದೆ. ಸ್ವಲ್ಪವೇ ಹೊಟ್ಟೆಗೆ ಹೋದರೂ ದೃಷ್ಟಿ ಹೋಗಬಹುದು, ಜೀವವೂ ಹೋಗಬಹುದು. ಸೋಸಿದರೆ, ಕುದಿಸಿದರೆ, ಬಿಸಿಲಲ್ಲಿಟ್ಟರೆ ವಿಷ ಹೋಗುತ್ತದೆ ಅನ್ನುವುದೆಲ್ಲ ಸುಳ್ಳು.

ಹೊಟ್ಟೆಗೆ ತೆಗೆದುಕೊಳ್ಳುವ ಟಿಂಚರಿಗೆ ಇಥನಾಲ್ ಮಾತ್ರ. ಅದೂ ಕುಡಿಯಲು ಯೋಗ್ಯ ಅಂತ ಮಾರುವ ದರ್ಜೆಯದು. ಹೆಚ್ಚಿನವರಿಗೆ ಕೈಗೆಟುಕುವುದು ಶೇ. 40ರ ವೋಡ್ಕಾ. ಅದಕ್ಕೆ ತನ್ನದೇ ಬಣ್ಣ, ವಾಸನೆ ಇಲ್ಲದ ಕಾರಣ ಅನುಕೂಲ. ಅಮೆರಿಕದ ಬಾಟಲಿಯಲ್ಲಿ "80 ಪ್ರೂಫ್" ಅಂತಿದ್ದರೆ ಶೇ. 40 ಅಂತಲೇ ಅರ್ಥ. ಪ್ರೂಫ್ ಅಂಕಿಯನ್ನು ಶೇಕಡಾ ಅಂದುಕೊಂಡು ಲೆಕ್ಕ ಹಾಕಬೇಡಿ.

ತೂಕದಕಲ್ಲು:
@ಹೊಸಚಿಗುರು, ಮೊದಲನೆಯ ಪ್ರಶ್ನೆಗೆ ನಾನು ಹೇಳುತ್ತೇನೆ.

ಗಿಡದಲ್ಲಿ ನಮಗೆ ಬೇಕಾದ ವಸ್ತು ಯಾವುದರಲ್ಲಿ ಕರಗುತ್ತದೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಟ್ಯಾನಿನ್ ಅನ್ನುವ ಒಗರಿನ ಅಂಶ, ಲೋಳೆ, ಸಕ್ಕರೆಯಂಥವು ನೀರಿನಲ್ಲಿ ಚೆನ್ನಾಗಿ ಕರಗುತ್ತವೆ. ರಾಳ, ಸುಗಂಧ ತೈಲ ಕರಗಲು ಆಲ್ಕೋಹಾಲ್ ಜಾಸ್ತಿ ಬೇಕು. ಹೆಚ್ಚಿನ ಒಣ ಎಲೆ, ಹೂವು, ಬೇರಿಗೆ ಶೇ. 40ರಿಂದ 60 ಸಾಕು. ಅರಿಶಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಅದಕ್ಕೆ ಇನ್ನೂ ಮೇಲೆ ಹೋಗಬೇಕು. ಬೋಳ, ಪ್ರೊಪೊಲಿಸ್ (ಜೇನುಹುಳು ಗೂಡಿಗೆ ಮೆತ್ತುವ ಅಂಟು) ಇಂಥ ರಾಳಕ್ಕೆ ಶೇ. 90 ಇಲ್ಲದಿದ್ದರೆ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಲೋಳೆಯೇ ಬೇಕಾದ ಗಿಡವಾದರೆ ಟಿಂಚರ್ ಬಿಟ್ಟುಬಿಡಿ. ಗಾಢ ಆಲ್ಕೋಹಾಲಿನಲ್ಲಿ ಲೋಳೆ ಗಂಟುಗಂಟಾಗಿ ಬೇರೆಯಾಗುತ್ತದೆ. ಅದಕ್ಕೆ ತಣ್ಣೀರಿನಲ್ಲಿ ನೆನೆಸಿ ಅವತ್ತೇ ಕುಡಿಯುವುದು ಸರಿ.

ಗ್ಯಾನೋಡರ್ಮಾದಂಥ ಅಣಬೆಗೆ ಎರಡೂ ಬೇಕು. ಅದರ ಟ್ರೈಟರ್ಪೀನ್ ಆಲ್ಕೋಹಾಲಿನಲ್ಲಿ ಇಳಿಯುತ್ತದೆ, ಬೀಟಾ-ಗ್ಲುಕನ್ ಬಿಸಿನೀರಿನಲ್ಲಿ. ಮೊದಲು ಆಲ್ಕೋಹಾಲಿನಲ್ಲಿ ನೆನೆಸಿ ಸೋಸಿ, ಉಳಿದ ಚರಟವನ್ನು ನೀರಿನಲ್ಲಿ ಕುದಿಸಿ, ತಣ್ಣಗಾದ ಮೇಲೆ ಎರಡನ್ನೂ ಸೇರಿಸುತ್ತಾರೆ. ಶೇ. 70ರ ಟಿಂಚರ್ 300 ಮಿ.ಲೀ., ಕಷಾಯ 300 ಮಿ.ಲೀ. ಸೇರಿದರೆ ಶೇ. 35ರ ಹತ್ತಿರ ನಿಲ್ಲುತ್ತದೆ. ಕೆಡುವುದಿಲ್ಲ. ಕೊನೆಗೆ ಸಿಗುವ ದ್ರವದಲ್ಲಿ ಆಲ್ಕೋಹಾಲ್ ಶೇ. 25ಕ್ಕಿಂತ ಕೆಳಗಿಳಿಯಬಾರದು ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಶೇ. 95ರದ್ದು ಸಿಕ್ಕಿದರೆ ಅದನ್ನು ಇಳಿಸಿಕೊಳ್ಳಬಹುದು. ಶೇ. 60ರದ್ದು 500 ಮಿ.ಲೀ. ಬೇಕೆಂದರೆ 500ನ್ನು 60ರಿಂದ ಗುಣಿಸಿ 95ರಿಂದ ಭಾಗಿಸಿ. 316 ಮಿ.ಲೀ. ಬರುತ್ತದೆ. ಅಷ್ಟು ಆಲ್ಕೋಹಾಲ್ ಹಾಕಿ, ಅಳತೆ ಲೋಟದ 500ರ ಗೆರೆ ಮುಟ್ಟುವವರೆಗೆ ನೀರು ಹಾಕಿ. ಉಳಿದದ್ದು 184 ಅಂತ ನೀರನ್ನು ಬೇರೆ ಅಳೆದು ಸೇರಿಸಬೇಡಿ. ಆಲ್ಕೋಹಾಲ್, ನೀರು ಬೆರೆತಾಗ ಒಟ್ಟು ಗಾತ್ರ ಕುಗ್ಗುತ್ತದೆ. 50 ಮಿ.ಲೀ. ಇದು, 50 ಮಿ.ಲೀ. ಅದು ಸೇರಿಸಿದರೆ 100 ಆಗುವುದಿಲ್ಲ, 96-97ರ ಸುತ್ತ ನಿಲ್ಲುತ್ತದೆ.

ಹೊಸಚಿಗುರು:
ಹಸಿ ಎಲೆಗೂ ಇದೇ ಲೆಕ್ಕವಾ?

ತೂಕದಕಲ್ಲು:
ಇಲ್ಲ. ಹಸಿ ಎಲೆಯಲ್ಲೇ ನೀರು ತುಂಬಾ ಇರುತ್ತದೆ. 100 ಗ್ರಾಂ ಹಸಿ ಎಲೆಯಲ್ಲಿ 80 ಗ್ರಾಂ ನೀರು ಅಂದುಕೊಳ್ಳಿ. ಅದಕ್ಕೆ ಶೇ. 95ರದ್ದು 200 ಮಿ.ಲೀ. ಹಾಕಿದರೆ, ಅಂದರೆ 1:2, ಆಲ್ಕೋಹಾಲ್ 190 ಮಿ.ಲೀ., ಒಟ್ಟು ದ್ರವ 280. ಶೇ. 68 ಆಯಿತು. ಚೆನ್ನಾಗಿದೆ. ಅದೇ 200 ಮಿ.ಲೀ. ವೋಡ್ಕಾ ಹಾಕಿದರೆ ಆಲ್ಕೋಹಾಲ್ 80 ಮಿ.ಲೀ., ಒಟ್ಟು ದ್ರವ 280, ಶೇ. 28-29. ಅಂಚಿನಲ್ಲಿ ಉಳಿಯಿತು. ವೋಡ್ಕಾವನ್ನೇ ಇನ್ನೂ ಕಮ್ಮಿ ಮಾಡಿ 100 ಮಿ.ಲೀ. ಹಾಕಿದರೆ ಶೇ. 22. ಅದು ಕೆಡುತ್ತದೆ.

ವೋಡ್ಕಾ ಮಾತ್ರ ಸಿಗುವವರು ಗಿಡವನ್ನು ನೆರಳಲ್ಲಿ ಒಣಗಿಸಿಕೊಂಡು ಮಾಡುವುದು ಒಳ್ಳೆಯದು. ಎಲೆ ಮುರಿದರೆ ಚಟ್ ಅನ್ನಬೇಕು. ಬಗ್ಗಿದರೆ ಇನ್ನೂ ತೇವ ಇದೆ ಅಂತ.

ಎಲೆಮರೆ:
ಈ ಲೆಕ್ಕ ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಹಸಿ ಗಿಡಕ್ಕಾದರೂ ಇನ್ನು ತೂಗಿಯೇ ಮಾಡುತ್ತೇನೆ. ಒಣಗಿದ್ದಕ್ಕೆ ನನ್ನ ಅರ್ಧ ಜಾಡಿಯ ಅಳತೆಯೇ ಇರಲಿ. ಆದರೆ ಜಾಡಿಗೆ ಹಾಕುವ ಮೊದಲು ಗಿಡ ತೂಗಿ, ಹಾಕಿದ ದ್ರವ ಅಳೆದು ಬರೆದಿಟ್ಟರೆ ಅನುಪಾತ ತಾನಾಗಿಯೇ ಸಿಗುತ್ತದೆ ಅಲ್ವಾ?

ತೂಕದಕಲ್ಲು:
ಖಂಡಿತ. ಅಷ್ಟಾದರೆ ನಿಮ್ಮ ವಿಧಾನಕ್ಕೂ ನನ್ನ ವಿಧಾನಕ್ಕೂ ಜಗಳವೇ ಇಲ್ಲ.

ಸೋಸುಬಟ್ಟೆ:
ನಮ್ಮ ಮನೆಯಲ್ಲಿ ಆಲ್ಕೋಹಾಲ್ ಬಳಸುವುದಿಲ್ಲ. ನಮ್ಮಂಥವರಿಗೂ ಇಲ್ಲಿ ಜಾಗ ಇರಲಿ ಅಂತ ಬರೆಯುತ್ತಿದ್ದೇನೆ.

ನಾನು ಗ್ಲಿಸರಿನ್‌ನಲ್ಲಿ ಮಾಡುತ್ತೇನೆ. ಒಣ ಗಿಡಕ್ಕೆ ಮೂರು ಪಾಲು ಗ್ಲಿಸರಿನ್, ಒಂದು ಪಾಲು ನೀರು. ಹಸಿ ಗಿಡಕ್ಕೆ ನೀರಿಲ್ಲದ ಗ್ಲಿಸರಿನ್ ಮಾತ್ರ. ಕೊನೆಗೆ ಗ್ಲಿಸರಿನ್ ಶೇ. 55-60ಕ್ಕಿಂತ ಕಮ್ಮಿಯಾದರೆ ಕೆಡುತ್ತದೆ. ಸಿಹಿ ಇರುವುದರಿಂದ ಕುಡಿಯಲು ಸುಲಭ. ಆದರೆ ರಾಳ, ಎಣ್ಣೆಯಂಶ ಅದರಲ್ಲಿ ಸರಿಯಾಗಿ ಇಳಿಯುವುದಿಲ್ಲ. ಎಲ್ಲಾ ಗಿಡಕ್ಕೂ ಆಗುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಒಂದು ವರ್ಷದೊಳಗೆ ಮುಗಿಸುತ್ತೇನೆ.

ವಿನೆಗರ್‌ನಲ್ಲೂ ಮಾಡಬಹುದು. ಅಸಿಟಿಕ್ ಆಮ್ಲ ಶೇ. 5 ಇರುವುದನ್ನೇ ತೆಗೆದುಕೊಳ್ಳಿ, ನೀರು ಬೆರೆಸಬೇಡಿ. ತಗಡಿನ ಮುಚ್ಚಳ ಹಾಕಿದರೆ ಆಮ್ಲಕ್ಕೆ ತುಕ್ಕು ಹಿಡಿದು ಒಳಗೆ ಬೀಳುತ್ತದೆ. ಪ್ಲಾಸ್ಟಿಕ್ ಮುಚ್ಚಳ ಇರಲಿ. ಇದನ್ನು ಫ್ರಿಜ್‌ನಲ್ಲಿಟ್ಟು ಆರು ತಿಂಗಳಲ್ಲಿ ಮುಗಿಸಿ.

ಎಣ್ಣೆಯಲ್ಲಿ ಹಸಿ ಗಿಡ ಹಾಕಿಡುವವರಿಗೆ ಒಂದು ಮಾತು. ಹಸಿ ಬೆಳ್ಳುಳ್ಳಿಯಂಥದ್ದನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟರೆ ಗಾಳಿ ಸಿಗದ ಆ ಜಾಗ ಬಾಟ್ಯುಲಿಸಂ ಅನ್ನುವ, ಜೀವಕ್ಕೇ ಅಪಾಯವಾದ ಆಹಾರ ವಿಷ ತರುವ ಬ್ಯಾಕ್ಟೀರಿಯಾಕ್ಕೆ ಹೇಳಿ ಮಾಡಿಸಿದ್ದು. ವಾಸನೆಯಿಂದ ಗೊತ್ತಾಗುವುದಿಲ್ಲ. ಹೊಟ್ಟೆಗೆ ತೆಗೆದುಕೊಳ್ಳುವುದಕ್ಕೆ ಈ ದಾರಿ ಬೇಡವೇ ಬೇಡ.

ಹೊಸಚಿಗುರು:
ಆಸವ, ಅರಿಷ್ಟ ಅಂತಾರಲ್ಲ, ಅದೂ ಟಿಂಚರೇನಾ?

ಬೇರುನಾರು:
ಎರಡರಲ್ಲೂ ಆಲ್ಕೋಹಾಲ್ ಇದೆ, ಅದು ಬರುವ ದಾರಿ ಬೇರೆ. ಅರಿಷ್ಟಕ್ಕೆ ಗಿಡದ ಕಷಾಯ ಮಾಡಿ, ಬೆಲ್ಲ ಅಥವಾ ಸಕ್ಕರೆ, ಧಾತಕಿ ಹೂವು ಸೇರಿಸಿ ಹುದುಗಲು ಬಿಡುತ್ತಾರೆ. ಆಸವಕ್ಕೆ ಕುದಿಸುವುದಿಲ್ಲ. ಹುದುಗುವಾಗ ಹುಟ್ಟುವ ಆಲ್ಕೋಹಾಲೇ ಸಾರವನ್ನೂ ಎಳೆಯುತ್ತದೆ, ಮದ್ದನ್ನೂ ಕಾಯುತ್ತದೆ. ಅದು ಸಾಮಾನ್ಯವಾಗಿ ಶೇ. 12 ಮೀರುವುದಿಲ್ಲ. ಆದ್ದರಿಂದ ಅರಿಷ್ಟದ ಅಳತೆ ಟಿಂಚರಿಗೆ ಹೊಂದುವುದಿಲ್ಲ. ಅಲ್ಲಿ ಚಮಚದ ಲೆಕ್ಕ, ಇಲ್ಲಿ ಹನಿಯ ಲೆಕ್ಕ. ಒಂದೇ ಕಪಾಟಿನಲ್ಲಿ ಎರಡೂ ಇದ್ದರೆ ಬೇರೆ ಬೇರೆ ಗೂಡಿನಲ್ಲಿಡಿ.

ರಾತ್ರಿಪಾಳಿ:
@ಬೇರುನಾರು ಅವರೇ, ನೀವು ಮೊದಲ ಪೋಸ್ಟಿನಲ್ಲಿ ಸಸ್ಯಶಾಸ್ತ್ರೀಯ ಹೆಸರು ಬರೆಯಿರಿ ಅಂದಿರಿ. ಅದನ್ನು ಇನ್ನೂ ಒತ್ತಿ ಹೇಳಬೇಕು. ತುಂಬಾ ಜನ ಅದನ್ನು ಸುಮ್ನೆ ಶೋಕಿ ಅಂದುಕೊಳ್ಳುತ್ತಾರೆ.

1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಚಿಕಿತ್ಸೆಗೆ ಹೋದ ಮಹಿಳೆಯರ ಮೂತ್ರಪಿಂಡ ಒಬ್ಬೊಬ್ಬರದಾಗಿ ಕೈಕೊಡತೊಡಗಿತು. ಅವರಿಗೆ ಕೊಟ್ಟ ಮದ್ದಿನಲ್ಲಿ ಸ್ಟೆಫಾನಿಯಾ ಟೆಟ್ರಾಂಡ್ರಾ ಅನ್ನುವ ಗಿಡ ಇರಬೇಕಿತ್ತು. ಅದರ ಬದಲು ಅರಿಸ್ಟೊಲೋಕಿಯಾ ಜಾತಿಯ ಗಿಡ ಸೇರಿತ್ತು. ಚೀನೀ ಭಾಷೆಯಲ್ಲಿ ಎರಡರ ಹೆಸರೂ ಹತ್ತಿರ ಹತ್ತಿರ: ಒಂದು ಫಾಂಗ್ ಜಿ, ಇನ್ನೊಂದು ಗುವಾಂಗ್ ಫಾಂಗ್ ಜಿ. 1993ರಲ್ಲಿ ವೈದ್ಯರು ಇದನ್ನು ಪ್ರಕಟಿಸಿದರು. ಕೊನೆಗೆ ನೂರಕ್ಕೂ ಹೆಚ್ಚು ಮಂದಿಗೆ ಹಾನಿಯಾಯಿತು. ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ಹೆಸರು ಅದಲುಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ನಮ್ಮ ಹೆಸರುಗಳಲ್ಲೂ ಇದೇ ಕಥೆ. ಬ್ರಾಹ್ಮಿ ಅಂದರೆ ಕೆಲವರಿಗೆ ಬಾಕೋಪಾ ಮೊನ್ನಿಯೇರಿ, ಕೆಲವರಿಗೆ ಒಂದೆಲಗ, ಅಂದರೆ ಸೆಂಟೆಲ್ಲಾ ಏಷಿಯಾಟಿಕಾ. ಶಂಖಪುಷ್ಪಿ ಅಂತ ಕೇಳಿದರೆ ಎರಡು-ಮೂರು ಬೇರೆ ಬೇರೆ ಗಿಡ ಮುಂದೆ ಬರುತ್ತವೆ. ಅಮೃತಬಳ್ಳಿ ಟಿನೋಸ್ಪೋರಾ ಕಾರ್ಡಿಫೋಲಿಯಾ. ಅದರ ಹತ್ತಿರದ ಬಳ್ಳಿ ಟಿನೋಸ್ಪೋರಾ ಕ್ರಿಸ್ಪಾದಿಂದ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ. ಕ್ರಿಸ್ಪಾದ ಕಾಂಡದ ಮೇಲೆ ಗುಳ್ಳೆಗಳು ಎದ್ದು ಕಾಣುತ್ತವೆ. ಒಣಗಿಸಿ ಕತ್ತರಿಸಿದ ಮೇಲೆ ಹೇಳುವುದು ಕಷ್ಟ. ಹಾಗಂತ ಹೆಸರು ಗೊತ್ತಿರುವ ಬಳ್ಳಿಯೂ ಪೂರ್ತಿ ಸುರಕ್ಷಿತ ಅಂತಲ್ಲ. ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ಯಾವುದನ್ನೂ ಮುಟ್ಟಬಾರದು.

ತಾವೇ ಕೊಯ್ಯುವವರು ಹೂ ಬಿಟ್ಟಾಗಲೇ ಗುರುತು ಹಿಡಿಯಿರಿ. ಹೂ ಬಿಡುವ ಮೊದಲು ಕಾಂಫ್ರೀ ಎಲೆಯೂ ಫಾಕ್ಸ್‌ಗ್ಲವ್ ಎಲೆಯೂ ಒಂದೇ ಥರ ಕಾಣುತ್ತವೆ. ಫಾಕ್ಸ್‌ಗ್ಲವ್ ನೇರ ಹೃದಯಕ್ಕೆ ಹೊಡೆಯುತ್ತದೆ. ಹಾಗೆ ತಪ್ಪು ತಿಳಿದು ಆಸ್ಪತ್ರೆ ಸೇರಿದವರಿದ್ದಾರೆ.

ಪಟ್ಟಿಪುಸ್ತಕ:
ಕಪಾಟಿನ ಕ್ರಮದ ಬಗ್ಗೆ ಯಾರೂ ಇನ್ನೂ ಬರೆದಿಲ್ಲ. ನನಗೆ ಇಷ್ಟದ ವಿಷಯ ಅದೇ.

ಹೊಸಬರು ಮೊದಲು ಮಾಡುವುದು ಉಪಯೋಗದ ಮೇಲೆ ಜೋಡಿಸುವುದು. ಹೊಟ್ಟೆಗೆ ಒಂದು ಗೂಡು, ಕೆಮ್ಮಿಗೆ ಒಂದು, ನಿದ್ದೆಗೆ ಒಂದು. ಸ್ವಲ್ಪ ದಿನಕ್ಕೇ ಅದು ಕಲಸಿಹೋಗುತ್ತದೆ. ಶುಂಠಿಯನ್ನು ಹೊಟ್ಟೆಯ ಗೂಡಿನಲ್ಲಿಡುವುದಾ, ನೆಗಡಿಯ ಗೂಡಿನಲ್ಲಾ? ಎರಡು ಕಡೆ ಇಟ್ಟರೆ ಯಾವುದು ಹಳೆಯದು ಅಂತ ಗೊತ್ತಾಗುವುದಿಲ್ಲ.

ಆದ್ದರಿಂದ ಗೂಡಿನಲ್ಲಿ ಅಕ್ಷರ ಕ್ರಮ, ಪುಸ್ತಕದಲ್ಲಿ ಉಪಯೋಗದ ಕ್ರಮ. ಇದು ನನ್ನ ನಿಯಮ. ಅಕ್ಷರ ಕ್ರಮ ಸಸ್ಯಶಾಸ್ತ್ರೀಯ ಹೆಸರಿನದು. ಕಿರುನೆಲ್ಲಿ ಅಂದರೂ ನೆಲನೆಲ್ಲಿ ಅಂದರೂ ಫಿಲಾಂಥಸ್ ಅಂತಲೇ ಹುಡುಕಬೇಕು, ಒಂದೇ ಜಾಗದಲ್ಲಿ ಸಿಗುತ್ತದೆ.

ಪ್ರತಿ ಬ್ಯಾಚಿಗೂ ಒಂದು ಸಂಖ್ಯೆ. 25-07 ಅಂದರೆ 2025ರ ಏಳನೆಯ ಬ್ಯಾಚ್. ಪುಸ್ತಕದಲ್ಲಿ ಆ ಸಂಖ್ಯೆಗೆ ಒಂದು ಪುಟ. ಗಿಡ ಎಲ್ಲಿಂದ ಬಂತು, ತೂಕ ಎಷ್ಟು, ದ್ರವ ಎಷ್ಟು, ಹಿಂಡಿದ ಮೇಲೆ ಎಷ್ಟು ಸಿಕ್ಕಿತು, ಬಣ್ಣ, ವಾಸನೆ, ಯಾರು ತೆಗೆದುಕೊಂಡರು, ಹೇಗಿತ್ತು. ಚೀಟಿಯಲ್ಲಿ ಇಷ್ಟೆಲ್ಲ ಹಿಡಿಯುವುದಿಲ್ಲ. ಅದೇ ಸಂಖ್ಯೆಯನ್ನು ಶೀಶೆಯ ತಳದಲ್ಲೂ ಬರೆದಿಡಿ. ಚೀಟಿ ಬಿದ್ದುಹೋದರೂ ಶೀಶೆ ಅನಾಥವಾಗುವುದಿಲ್ಲ.

ಸಣ್ಣ ಶೀಶೆಗಳನ್ನು ಡ್ರಾಯರಿನಲ್ಲಿ ನಿಲ್ಲಿಸಿಡುವವರು ಮುಚ್ಚಳದ ಮೇಲೂ ಗುಂಡು ಚೀಟಿ ಅಂಟಿಸಿ. ಮೇಲಿನಿಂದ ನೋಡಿದಾಗ ಕಾಣುವುದು ಅದೊಂದೇ. ದೊಡ್ಡ ಶೀಶೆ ಕೆಳಗೂಡಿನಲ್ಲಿ, 30 ಅಥವಾ 50 ಮಿ.ಲೀ. ಶೀಶೆ ಕೈಗೆ ಸಿಗುವ ಕಡೆ. ಸಣ್ಣದು ಖಾಲಿಯಾದಾಗ ದೊಡ್ಡದರಿಂದ ತುಂಬಿಸಿಕೊಳ್ಳಿ. ದೊಡ್ಡದು ಅರ್ಧಕ್ಕೆ ಬಂದಾಗ ಅದಕ್ಕೆ ತಕ್ಕ ಚಿಕ್ಕ ಶೀಶೆಗೆ ವರ್ಗಾಯಿಸಿ. ಒಳಗೆ ಗಾಳಿ ಜಾಸ್ತಿ ಇದ್ದಷ್ಟೂ ಮದ್ದು ಬೇಗ ಮಂಕಾಗುತ್ತದೆ.

ಎಲೆಮರೆ:
ಮಾರ್ಕರ್ ಪೆನ್ನಿನಲ್ಲಿ ಬರೆದದ್ದು ಅಳಿಸಿಹೋಗುತ್ತದೆ. ನೀವೆಲ್ಲ ಏನು ಮಾಡುತ್ತೀರಿ?

ಪಟ್ಟಿಪುಸ್ತಕ:
"ಪರ್ಮನೆಂಟ್" ಅಂತ ಬರೆದಿರುವ ಮಾರ್ಕರಿನ ಶಾಯಿ ಆಲ್ಕೋಹಾಲಿನಲ್ಲೇ ಕರಗುವುದು. ಸುರಿಯುವಾಗ ಒಂದು ಹನಿ ಜಾರಿದರೂ ಹೆಸರು ಹರಡಿಕೊಳ್ಳುತ್ತದೆ. ಪೆನ್ಸಿಲಿನಲ್ಲಿ ಬರೆಯಿರಿ. ಸೀಸಕಡ್ಡಿಯ ಗ್ರಾಫೈಟ್ ಆಲ್ಕೋಹಾಲಿಗೂ ನೀರಿಗೂ ಕರಗುವುದಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಸ್ಪಿರಿಟ್‌ನಲ್ಲಿ ಮುಳುಗಿಸಿಟ್ಟ ಜೀವಿಗಳ ಜೊತೆ ಹಾಕುವ ಚೀಟಿಯನ್ನೂ ಪೆನ್ಸಿಲ್ ಅಥವಾ ಇಂಗಾಲದ ಶಾಯಿಯಲ್ಲೇ ಬರೆಯುತ್ತಾರೆ. ಬರೆದ ಮೇಲೆ ಅಗಲವಾದ ಪಾರದರ್ಶಕ ಟೇಪ್ ಸುತ್ತಿ. ಟೇಪಿನ ತುದಿ ಒಂದರ ಮೇಲೊಂದು ಬರಲಿ.

ಇನ್ನೊಂದು ವಿಷಯ. ಚೀಟಿಯನ್ನು ನೆನೆಹಾಕಿದ ಕೂಡಲೇ ಅಂಟಿಸಿ. "ಸೋಸುವಾಗ ಬರೆದರಾಯಿತು" ಅಂದರೆ ನಾಲ್ಕು ಜಾಡಿ ಸಾಲಾಗಿ ನಿಂತಾಗ ನೆನಪು ಸಾಲದು.

ಸೋಸುಬಟ್ಟೆ:
ಡ್ರಾಪರ್ ಶೀಶೆಯಲ್ಲೇ ಎಲ್ಲವನ್ನೂ ವರ್ಷಗಟ್ಟಲೆ ಇಡುವವರು ನೋಡಿಕೊಳ್ಳಿ. ಆಲ್ಕೋಹಾಲಿನ ಆವಿಗೆ ಡ್ರಾಪರಿನ ರಬ್ಬರ್ ಅಂಟಂಟಾಗಿ ಕರಗತೊಡಗುತ್ತದೆ. ದಾಸ್ತಾನಿಗೆ ಗಟ್ಟಿ ತಿರುಪು ಮುಚ್ಚಳ, ದಿನಬಳಕೆಯ ಸಣ್ಣ ಶೀಶೆಗೆ ಮಾತ್ರ ಡ್ರಾಪರ್. ಗಾಜು ಕಂದು ಬಣ್ಣದ್ದಿರಲಿ. ಕಂದು ಗಾಜು ನೇರಳಾತೀತ ಬೆಳಕನ್ನು ತಡೆಯುತ್ತದೆ. ಅದು ಸಿಗದಿದ್ದರೆ ಬಿಳಿ ಗಾಜನ್ನೇ ಬಾಗಿಲಿರುವ ಕಪಾಟಿನಲ್ಲಿಟ್ಟರೂ ಆಯಿತು. ಒಲೆಯ ಮೇಲಿನ ಗೂಡು, ಬಚ್ಚಲಿನ ಗೂಡು ಎರಡೂ ಬೇಡ.

ಹೊಸಚಿಗುರು:
ಹನಿ ಲೆಕ್ಕದ ಬಗ್ಗೆ ಕೇಳಬೇಕಿತ್ತು. 20 ಹನಿ ಅಂದರೆ 1 ಮಿ.ಲೀ. ಅಲ್ವಾ?

ರಾತ್ರಿಪಾಳಿ:
ನೀರಿಗೆ ಹೆಚ್ಚುಕಡಿಮೆ ಸರಿ. ಆಲ್ಕೋಹಾಲಿಗೆ ಮೇಲ್ಮೈ ಸೆಳೆತ ಕಮ್ಮಿ, ಹನಿ ಚಿಕ್ಕದಾಗಿ ಬೀಳುತ್ತದೆ. ಆಲ್ಕೋಹಾಲ್ ಜಾಸ್ತಿ ಇರುವ ಟಿಂಚರಿನಲ್ಲಿ 1 ಮಿ.ಲೀ.ಗೆ 20ಕ್ಕಿಂತ ಎಷ್ಟೋ ಜಾಸ್ತಿ ಹನಿ ಬರುತ್ತದೆ. ಡ್ರಾಪರಿನ ತುದಿ ಎಷ್ಟು ದಪ್ಪ ಅನ್ನುವುದೂ ಸೇರಿಕೊಳ್ಳುತ್ತದೆ. ಗೆರೆ ಹಾಕಿದ ಡ್ರಾಪರ್ ಅಥವಾ ಸೂಜಿಯಿಲ್ಲದ ಸಿರಿಂಜ್ ತೆಗೆದುಕೊಂಡು ಮಿ.ಲೀ. ಲೆಕ್ಕದಲ್ಲೇ ಅಳೆಯಿರಿ.

ಇನ್ನೂ ಕೆಲವು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಿಸಿನೀರಿಗೆ ಹನಿ ಹಾಕಿದರೆ ಆಲ್ಕೋಹಾಲ್ ಪೂರ್ತಿ ಹಾರಿಹೋಗುತ್ತದೆ ಅಂತ ನಂಬಬೇಡಿ. ಸ್ವಲ್ಪ ಹೋಗುತ್ತದೆ, ಉಳಿದದ್ದು ಉಳಿಯುತ್ತದೆ. ಶೇ. 50ರ ಟಿಂಚರ್ 2 ಮಿ.ಲೀ. ಅಂದರೆ ಅದರಲ್ಲಿ 1 ಮಿ.ಲೀ. ಶುದ್ಧ ಆಲ್ಕೋಹಾಲ್. ದೊಡ್ಡವರಿಗೆ ಇದು ಏನೂ ಅಲ್ಲ. ಮಕ್ಕಳಿಗೆ, ಗರ್ಭಿಣಿಯರಿಗೆ, ಕುಡಿತ ಬಿಟ್ಟವರಿಗೆ, ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಲೆಕ್ಕಕ್ಕೆ ಬರುತ್ತದೆ.

ಮಾತ್ರೆಗಳ ಜೊತೆ ಕೆಲವು ಗಿಡ ಕೂಡುವುದಿಲ್ಲ. ಸೇಂಟ್ ಜಾನ್ಸ್ ವರ್ಟ್ ಯಕೃತ್ತಿನ ಕಿಣ್ವವನ್ನು ಚುರುಕು ಮಾಡಿ ಬೇರೆ ಔಷಧಿಗಳನ್ನು ಬೇಗ ಕರಗಿಸುತ್ತದೆ. ಗರ್ಭನಿರೋಧಕ ಮಾತ್ರೆ, ರಕ್ತ ತೆಳುಮಾಡುವ ವಾರ್ಫರಿನ್, ಅಂಗ ಕಸಿಯಾದವರ ಸೈಕ್ಲೋಸ್ಪೋರಿನ್, ಎಲ್ಲವೂ ಸೋಲುತ್ತವೆ. ಖಿನ್ನತೆಯ ಮಾತ್ರೆಗಳ ಜೊತೆ ಸೇರಿದರೆ ಇನ್ನೊಂದು ಥರದ ಅಪಾಯ. ಜ್ಯೇಷ್ಠಮಧು ಜಾಸ್ತಿ ದಿನ ತೆಗೆದುಕೊಂಡರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಇಂಥ ಶೀಶೆಗಳ ಮೇಲೆ ಕೆಂಪು ಚುಕ್ಕೆ ಅಂಟಿಸಿ. ನಿಮಗೆ ಗೊತ್ತಿರಬಹುದು. ನೀವು ಮನೆಯಲ್ಲಿಲ್ಲದಾಗ ಕಪಾಟು ತೆಗೆಯುವವರಿಗೂ ಗೊತ್ತಾಗಬೇಕು. ಮೈಗೆ ಹಚ್ಚುವುದಕ್ಕೆ ಮಾತ್ರ ಇರುವ ಶೀಶೆಗಳು ಬೇರೆಯೇ ಡಬ್ಬಿಯಲ್ಲಿರಲಿ. ಮಕ್ಕಳಿರುವ ಮನೆಯಲ್ಲಿ ಕಪಾಟಿಗೆ ಬೀಗ ಇರಲೇಬೇಕು.

ಬೇರುನಾರು:
ಕೆಂಪು ಚುಕ್ಕೆಯ ಉಪಾಯ ಇವತ್ತೇ ಮಾಡುತ್ತೇನೆ. ಪುಸ್ತಕದಲ್ಲೂ ಆ ಪುಟಗಳಿಗೆ ಅದೇ ಚುಕ್ಕೆ ಇರಬೇಕು.

ಚೆಲ್ಲುವ ವಿಷಯಕ್ಕೆ ಬರೋಣ. ಗಾಢ ಆಲ್ಕೋಹಾಲಿನ ಟಿಂಚರ್ ಮೂರರಿಂದ ಐದು ವರ್ಷ ಚೆನ್ನಾಗಿರುತ್ತದೆ ಅಂತ ನಾನು ಲೆಕ್ಕ ಇಟ್ಟುಕೊಂಡಿದ್ದೇನೆ. ತಳದಲ್ಲಿ ಗಸಿ ಕಂಡರೆ ಗಾಬರಿಯಾಗುವವರಿದ್ದಾರೆ. ಅದಕ್ಕೆ ಏನು ಹೇಳುತ್ತೀರಿ?

ತೂಕದಕಲ್ಲು:
ಗಸಿ ಕೂರುವುದು ಸಹಜ. ಟ್ಯಾನಿನ್ ಜಾಸ್ತಿ ಇರುವ ತೊಗಟೆಯಲ್ಲಿ ಇದು ಹೆಚ್ಚು. ಅಂಥ ಗಿಡಕ್ಕೆ ಮೊದಲೇ ಶೇ. 5-10 ಗ್ಲಿಸರಿನ್ ಸೇರಿಸಿದರೆ ಗಸಿ ಕಮ್ಮಿಯಾಗುತ್ತದೆ. ಅಲ್ಲಾಡಿಸಿ ಬಳಸಿ. ರಾಳದ ಟಿಂಚರ್ ನೀರಿಗೆ ಹಾಕಿದ ಕೂಡಲೇ ಹಾಲಿನಂತೆ ಬಿಳಿಯಾಗುವುದೂ ಕೆಟ್ಟದ್ದರ ಗುರುತಲ್ಲ. ಆಲ್ಕೋಹಾಲ್ ಕಮ್ಮಿಯಾದಾಗ ರಾಳ ಹೊರಬರುತ್ತದೆ ಅಷ್ಟೇ.

ಎರಡು ಟಿಂಚರ್ ಬೆರೆಸಿದಾಗ ದಟ್ಟವಾಗಿ ಕದಡಿದರೆ ಮಾತ್ರ ಯೋಚಿಸಿ. ಒಂದರ ಟ್ಯಾನಿನ್ ಇನ್ನೊಂದರ ಆಲ್ಕಲಾಯ್ಡ್ ಅನ್ನುವ ಪ್ರಬಲ ಅಂಶವನ್ನು ಹಿಡಿದು ತಳಕ್ಕೆ ಇಳಿಸಿರಬಹುದು. ಆಗ ಮೇಲಿನ ದ್ರವದಲ್ಲಿ ಸಾರ ಇರುವುದಿಲ್ಲ, ಕೊನೆಯ ಚಮಚದಲ್ಲಿ ಎಲ್ಲಾ ಬಂದುಬಿಡುತ್ತದೆ. ಅದಕ್ಕೇ ನಾನು ಒಂದೊಂದು ಗಿಡದ್ದನ್ನೂ ಬೇರೆಯಾಗಿಟ್ಟು, ಬೇಕಾದಾಗ ಲೋಟದಲ್ಲೇ ಬೆರೆಸಿಕೊಳ್ಳುತ್ತೇನೆ.

ಮೇಲೆ ಪದರ ಕಟ್ಟಿದರೆ, ಬೂಷ್ಟು ಕಂಡರೆ, ಹುಳಿ ವಾಸನೆ ಬಂದರೆ, ಮುಚ್ಚಳ ತೆಗೆದಾಗ ಬುಸ್ ಅಂದರೆ ಚೆಲ್ಲಿ. ಸೋಸಿ ಉಳಿಸಿಕೊಳ್ಳುವ ಆಸೆ ಬೇಡ.

ಎಲೆಮರೆ:
ಆರು ತಿಂಗಳು ನೆನೆಸಿದರೆ ಇನ್ನೂ ಗಾಢ ಆಗುತ್ತದೆ ಅಂತಾರೆ. ನಿಜವಾ?

ತೂಕದಕಲ್ಲು:
ಹೆಚ್ಚಿನ ಗಿಡಕ್ಕೆ ಎರಡರಿಂದ ನಾಲ್ಕು ವಾರ ಸಾಕು. ಒಳಗೂ ಹೊರಗೂ ಸಾರ ಸಮನಾದ ಮೇಲೆ ದ್ರವ ಹೊಸದಾಗಿ ಏನನ್ನೂ ಎಳೆಯುವುದಿಲ್ಲ. ಸಣ್ಣಗೆ ಪುಡಿ ಮಾಡಿ ದಿನಾ ಅಲ್ಲಾಡಿಸುವುದರಿಂದ ಸಿಗುವ ಲಾಭ, ಸುಮ್ಮನೆ ಇಟ್ಟು ಕಾಯುವುದರಿಂದ ಸಿಗುವುದಿಲ್ಲ. ಸೋಸುವಾಗ ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಿ. ಚರಟದಲ್ಲಿ ತುಂಬಾ ಉಳಿದಿರುತ್ತದೆ.

ಹೊಸಚಿಗುರು:
ಹಿಂಡಿದ ಚರಟವನ್ನು ಏನು ಮಾಡುವುದು? ಗಿಡಕ್ಕೆ ಹಾಕಬಹುದಾ?

ಸೋಸುಬಟ್ಟೆ:
ಗ್ಲಿಸರಿನ್ ಚರಟವನ್ನು ಗೊಬ್ಬರದ ಗುಂಡಿಗೆ ಹಾಗೇ ಹಾಕುತ್ತೇನೆ.

ತೂಕದಕಲ್ಲು:
ಆಲ್ಕೋಹಾಲಿನ ಚರಟವನ್ನು ಹಾಗೇ ಹಾಕಬೇಡಿ. ಅದು ಬೆಂಕಿ ಹಿಡಿಯುವ ವಸ್ತು. ಶೇ. 95ರ ಆಲ್ಕೋಹಾಲಿನ ಆವಿ 17 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಕಿಡಿಗೆ ಹತ್ತಿಕೊಳ್ಳುತ್ತದೆ. ಶೇ. 40ರದ್ದು 26ರ ಸುಮಾರಿಗೆ. ಅಂದರೆ ಮನೆಯೊಳಗಿನ ಸೆಕೆಯೇ ಸಾಕು. ನೆನೆಹಾಕುವುದು, ಸೋಸುವುದು, ಹಿಂಡುವುದು ಎಲ್ಲವನ್ನೂ ಉರಿಯುವ ಒಲೆಯಿಂದ ದೂರ ಮಾಡಿ. ಬೇಗ ಆಗಲಿ ಅಂತ ಜಾಡಿಯನ್ನು ಒಲೆ ಮೇಲೆ ಬಿಸಿ ಮಾಡುವುದಂತೂ ಬೇಡವೇ ಬೇಡ. ಚರಟವನ್ನು ಗಾಳಿಯಾಡುವ ಹೊರಗಿನ ಜಾಗದಲ್ಲಿ ತಟ್ಟೆಗೆ ಹರಡಿ, ಆಲ್ಕೋಹಾಲಿನ ವಾಸನೆ ಪೂರ್ತಿ ಹೋದ ಮೇಲೆ ಗೊಬ್ಬರಕ್ಕೆ ಹಾಕಿ. ನೆಂದ ಸೋಸುವ ಬಟ್ಟೆಯನ್ನು ಮುದುರಿ ಬುಟ್ಟಿಗೆ ಎಸೆಯಬೇಡಿ. ನೀರಿನಲ್ಲಿ ಜಾಲಾಡಿಸಿ ಹೊರಗೆ ಹರವಿ.